ಒಂದೇ ಕಾಲೇಜಿನಿಂದ ಹೊರಟ ಹಲವು ದಾರಿಗಳು



1997ನೇ ಇಸವಿಯ ಒಂದು ಸಂಗತಿಯನ್ನು ಮೊದಲು ನಿಮ್ಮ ನೆನಪಿಗೆ ತರುತ್ತೇವೆ. ಆ ವರ್ಷದ ಏಪ್ರಿಲ್ 21ರಂದು ನಮ್ಮ ನಾಡಿನವರೇ ಆದ ಹೆಚ್.ಡಿ. ದೇವೇಗೌಡರ ನಂತರ ಇಂದರ್ ಕುಮಾರ್ ಗುಜ್ರಾಲರು ಭಾರತದ ಪ್ರಧಾನಿಯಾದರು. ಆಗ ಪಾಕಿಸ್ತಾನದ ರಾಷ್ಟ್ರಾಧ್ಯಕ್ಷರಾಗಿದ್ದವರು ಫಾರೂಕ್ ಲೆಘಾರಿ. ಡಿಸೆಂಬರ್ 2ರಂದು ಲೆಘಾರಿಯವರು ರಾಜೀನಾಮೆ ಕೊಡುವವರೆಗೆ, ಅಂದರೆ ಏಳು ತಿಂಗಳಿಗೂ ಹೆಚ್ಚು ಕಾಲ, ಎರಡೂ ದೇಶಗಳ ಉನ್ನತ ಪೀಠದಲ್ಲಿ ಒಂದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕುಳಿತಿದ್ದರು. ಅದು ಲಾಹೋರಿನ ಫಾರ್ಮನ್ ಕ್ರಿಶ್ಚಿಯನ್ ಕಾಲೇಜು. ಇಂದು ಅದು ಪೂರ್ಣ ಪ್ರಮಾಣದ ಒಂದು ಕ್ರೈಸ್ತ ವಿಶ್ವವಿದ್ಯಾಲಯ.

ಇದು ಕೇವಲ ಕಾಕತಾಳೀಯ ಎಂದು ಬಿಟ್ಟುಬಿಡಬಹುದು. ಆದರೆ ಆ ಕಾಲೇಜಿನಲ್ಲಿ ಓದಿದವರ ಪಟ್ಟಿಯನ್ನು ಸ್ವಲ್ಪ ಮುಂದುವರಿಸಿ ನೋಡಿದರೆ ಕುತೂಹಲ ಹೆಚ್ಚುತ್ತದೆ. ಭಾರತದ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಕಟ್ಟಿದ ವಿಜ್ಞಾನಿ ಅಲ್ಲಿದ್ದಾರೆ. ಉರ್ದು ಕಥಾಲೋಕದ ದೊಡ್ಡ ಹೆಸರೊಂದು ಅಲ್ಲಿದೆ. ಪಂಜಾಬಿ ನಾಟಕಕಾರರಿದ್ದಾರೆ, ಆಕಾಶವಾಣಿಯಲ್ಲಿ ದುಡಿದ ಲೇಖಕರಿದ್ದಾರೆ, ಸೇನಾಧಿಪತಿಯೊಬ್ಬರೂ ಇದ್ದಾರೆ. ಒಂದೇ ಬಾಗಿಲಿನಿಂದ ಒಳಹೊಕ್ಕವರು ಇಷ್ಟು ಬೇರೆ ಬೇರೆ ದಿಕ್ಕಿಗೆ ನಡೆದದ್ದು ಹೇಗೆ? ಒಂದು ಕಾಲೇಜು ತನ್ನ ವಿದ್ಯಾರ್ಥಿಗೆ ನಿಜವಾಗಿ ಕೊಡುವುದೇನು? ಪಿ.ಯು.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸುವುದು ಎಂಬ ಚಿಂತೆ ಪ್ರತಿ ವರ್ಷವೂ ನಮ್ಮ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಡಿಸುತ್ತದೆ. ಆ ಕಾರಣಕ್ಕಾಗಿಯೂ ಈ ಪ್ರಶ್ನೆ ವಿಚಾರಕ್ಕೆ ಯೋಗ್ಯವಾಗಿದೆ.

ಮಿಷನ್ ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ

ಕ್ರೈಸ್ತ ಮಿಷನ್ನುಗಳ ಶಾಲೆ-ಕಾಲೇಜುಗಳು ನಮಗೆ ಹೊಸವಲ್ಲ. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಶಾಲೆಗಳನ್ನೂ, 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನೂ ಬಲ್ಲವರಿಗೆ ಇಂಥ ಸಂಸ್ಥೆಗಳ ಸ್ವರೂಪ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ 1969ರಲ್ಲಿ ಕಾಲೇಜಾಗಿ ಹುಟ್ಟಿದ ಕ್ರೈಸ್ಟ್, 2008ರಲ್ಲಿ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆಯಿತು. ಲಾಹೋರಿನ ಕಥೆಯೂ ಸುಮಾರು ಇದೇ ಜಾಡಿನದು. ಆದರೆ ಅದರ ನಡುವೆ ಇತಿಹಾಸದ ಕೆಲವು ದೊಡ್ಡ ಪೆಟ್ಟುಗಳಿವೆ.

ಅಮೆರಿಕದ ಪ್ರೆಸ್‌ಬಿಟೀರಿಯನ್ ಮಿಷನ್ನಿನ ಚಾರ್ಲ್ಸ್ ಫಾರ್ಮನ್ ಲಾಹೋರಿಗೆ ಬಂದದ್ದು 1849ರಲ್ಲಿ. ಬ್ರಿಟಿಷರು ಸಿಖ್ ರಾಜ್ಯವನ್ನು ವಶಪಡಿಸಿಕೊಂಡದ್ದೂ ಅದೇ ವರ್ಷ. ಅವರು ತೆರೆದ ಶಾಲೆ ಮುಂದೆ ಹಳೆಯ ಊರಿನೊಳಗಿನ ರಂಗ ಮಹಲ್ ಎಂಬ ಮೊಗಲರ ಕಾಲದ ಕಟ್ಟಡದಲ್ಲಿ ನೆಲೆಸಿತು. ಇಂದಿಗೂ ಸಂಸ್ಥೆ ತನ್ನ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುವುದು ಕಾಲೇಜು ತರಗತಿಗಳು ಆರಂಭವಾದ 1864ನ್ನು. ಮೊದಲು ಅದನ್ನು ಜನ ಮಿಷನ್ ಕಾಲೇಜು ಎಂದೇ ಕರೆಯುತ್ತಿದ್ದರು. ಫಾರ್ಮನ್ ಅವರ ಹೆಸರು ಬಂದದ್ದು 1894ರಲ್ಲಿ. ನಮ್ಮ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದೂ ಅದೇ ವರ್ಷವೆಂಬುದನ್ನು ಕನ್ನಡಿಗರು ಗುರುತಿಟ್ಟುಕೊಳ್ಳಬಹುದು.

ಇಂಥ ಕಾಲೇಜುಗಳನ್ನು ತೆರೆದವರ ಮನಸ್ಸಿನಲ್ಲಿ ಧರ್ಮಪ್ರಚಾರದ ಉದ್ದೇಶ ಇದ್ದೇ ಇತ್ತು. ಅದನ್ನು ಅವರು ಮುಚ್ಚಿಟ್ಟವರಲ್ಲ. ಬೈಬಲ್ ಪಾಠ ದಿನಚರಿಯ ಭಾಗವಾಗಿತ್ತು. ಆದರೆ ತರಗತಿಯಲ್ಲಿ ಕುಳಿತಿದ್ದ ಬಹುಪಾಲು ಹುಡುಗರು ಹಿಂದೂ, ಮುಸ್ಲಿಂ, ಸಿಖ್ ಮನೆಗಳವರು. ಅವರು ಬಂದದ್ದು ಇಂಗ್ಲಿಷಿಗಾಗಿ, ವಿಜ್ಞಾನಕ್ಕಾಗಿ, ಪದವಿಗಾಗಿ. ಓದು ಮುಗಿಸಿ ಹೊರಟಾಗಲೂ ಅವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಧರ್ಮದವರಾಗಿಯೇ ಉಳಿದರು. ಪ್ರೀತಿಯಿಂದ ಪರಸ್ಪರ ಸೇವೆ ಮಾಡಬೇಕು ಎಂಬ ಅರ್ಥದ ವಾಕ್ಯವನ್ನು ಕಾಲೇಜು ತನ್ನ ಧ್ಯೇಯವಾಗಿ ಇಟ್ಟುಕೊಂಡಿತ್ತು. ಸ್ಥಾಪಕರು ಬಯಸಿದ್ದು ಒಂದು, ವಿದ್ಯಾರ್ಥಿಗಳು ಪಡೆದುಕೊಂಡದ್ದು ಇನ್ನೊಂದು. ಎರಡರ ನಡುವಿನ ಈ ಅಂತರದಲ್ಲಿಯೇ ಕಾಲೇಜು ಬೆಳೆಯಿತು.

ಪದವಿ ಕೊಡುವವರು ಯಾರು?

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಿಕೊಳ್ಳುವುದು ಒಳ್ಳೆಯದು. ಫಾರ್ಮನ್ ಕಾಲೇಜಿನ ಪದವೀಧರರು ಎಂದು ನಾವು ಹೇಳುತ್ತೇವೆ. ಆದರೆ ಆ ಕಾಲದಲ್ಲಿ ಪದವಿ ಕೊಡುವ ಅಧಿಕಾರ ಕಾಲೇಜಿಗೆ ಇರಲಿಲ್ಲ. ಕಾಲೇಜು ಪಾಠ ಹೇಳುತ್ತಿತ್ತು. ಪರೀಕ್ಷೆ ನಡೆಸಿ ಪದವಿ ಪ್ರದಾನ ಮಾಡುತ್ತಿದ್ದುದು ಮೊದಲು ಕಲ್ಕತ್ತಾ ವಿಶ್ವವಿದ್ಯಾಲಯ, 1882ರ ಬಳಿಕ ಪಂಜಾಬ್ ವಿಶ್ವವಿದ್ಯಾಲಯ. ಬ್ರಿಟಿಷ್ ಭಾರತದ ಕಾಲೇಜುಗಳೆಲ್ಲ ಇದೇ ಪದ್ಧತಿಯಲ್ಲಿ ನಡೆದವು. ಬಂಗಾಳದ ಸೆರಾಂಪುರ ಕಾಲೇಜು ಇದಕ್ಕೆ ಹೊರತು. ಆ ಊರು ಡೆನ್ಮಾರ್ಕಿನ ಅಧೀನದಲ್ಲಿದ್ದುದರಿಂದ, 1827ರಲ್ಲಿ ಡೆನ್ಮಾರ್ಕಿನ ದೊರೆ ನೀಡಿದ ಸನ್ನದಿನ ಮೂಲಕ ಪದವಿ ನೀಡುವ ಹಕ್ಕು ಅದಕ್ಕೆ ದೊರೆತಿತ್ತು. ಫಾರ್ಮನ್ ಕಾಲೇಜಿಗೆ ಅಂಥ ಸನ್ನದು ಸಿಕ್ಕಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾದದ್ದು 2004ರಲ್ಲಿ ಮಾತ್ರ.

ಈ ಪದ್ಧತಿಯಿಂದ ಒಂದು ಅನುಕೂಲವೂ ಆಯಿತು. ಲಾಹೋರಿನಲ್ಲಿ ಸರ್ಕಾರಿ ಕಾಲೇಜು, ಆರ್ಯಸಮಾಜದವರ ಡಿ.ಎ.ವಿ. ಕಾಲೇಜು, ಇಸ್ಲಾಮಿಯಾ ಕಾಲೇಜು, ದಯಾಳ್ ಸಿಂಗ್ ಕಾಲೇಜು, ಈ ಮಿಷನ್ ಕಾಲೇಜು - ಎಲ್ಲವೂ ಒಂದೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಓದಿಸುತ್ತಿದ್ದವು. ಹುಡುಗನೊಬ್ಬ ಇಂಟರ್‌ಮೀಡಿಯೆಟನ್ನು ಒಂದು ಕಡೆ, ಬಿ.ಎ.ಯನ್ನು ಇನ್ನೊಂದು ಕಡೆ, ಎಂ.ಎ.ಯನ್ನು ಮತ್ತೊಂದು ಕಡೆ ಓದುವುದು ಸಾಧ್ಯವಿತ್ತು. ಮುಂದೆ ನಾವು ಹೇಳಲಿರುವ ಬಹುಪಾಲು ಹೆಸರುಗಳ ಹಿಂದೆ ಹೀಗೆ ಎರಡು ಮೂರು ಕಾಲೇಜುಗಳಿವೆ. ಈ ಅಂಶ ನೆನಪಿನಲ್ಲಿರಲಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಪ್ರಯೋಗಾಲಯಗಳ ಶಿಲ್ಪಿ

ಮೊದಲ ಹೆಸರು ಶಾಂತಿ ಸ್ವರೂಪ ಭಟ್ನಾಗರ್ ಅವರದು. ಹುಟ್ಟಿದ್ದು 1894ರ ಫೆಬ್ರವರಿ 21ರಂದು, ಈಗ ಪಾಕಿಸ್ತಾನದಲ್ಲಿರುವ ಭೇರಾ ಎಂಬಲ್ಲಿ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಳೆದದ್ದು ತಾಯಿಯ ತವರಿನಲ್ಲಿ. ಇಂಟರ್‌ಮೀಡಿಯೆಟ್ ಓದಿದ್ದು ದಯಾಳ್ ಸಿಂಗ್ ಕಾಲೇಜಿನಲ್ಲಿ. ಆಮೇಲೆ ಫಾರ್ಮನ್ ಕಾಲೇಜು ಸೇರಿ 1916ರಲ್ಲಿ ಬಿ.ಎಸ್ಸಿ., 1919ರಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಪಡೆದರು. ಮನೆಯ ಸ್ಥಿತಿ ಅನುಕೂಲವಾಗಿರಲಿಲ್ಲವಾದ್ದರಿಂದ ಓದಿನ ಜೊತೆಗೇ ಅಲ್ಲಿ ಪ್ರಯೋಗ ಬೋಧಕರಾಗಿಯೂ ದುಡಿದರು.

ಮುಂದಿನ ಓದಿಗೆ ಅಮೆರಿಕಕ್ಕೆ ಹೋಗಲೆಂದು ದಯಾಳ್ ಸಿಂಗ್ ಟ್ರಸ್ಟು ವಿದ್ಯಾರ್ಥಿವೇತನ ಕೊಟ್ಟಿತು. ಲಂಡನ್ನಿನವರೆಗೆ ಹೋದರೆ, ಮೊದಲ ಮಹಾಯುದ್ಧ ಮುಗಿಸಿ ಊರಿಗೆ ಮರಳುತ್ತಿದ್ದ ಅಮೆರಿಕನ್ ಸೈನಿಕರಿಂದ ಹಡಗುಗಳೆಲ್ಲ ಭರ್ತಿ! ದಾರಿ ಕಾಣದೆ ಅಲ್ಲಿಯೇ ಯೂನಿವರ್ಸಿಟಿ ಕಾಲೇಜು ಸೇರಿ, 1921ರಲ್ಲಿ ಡಿ.ಎಸ್ಸಿ. ಪದವಿಯೊಂದಿಗೆ ಹಿಂದಿರುಗಿದರು. ಬಂದವರು ನೇರವಾಗಿ ಸೇರಿದ್ದು ಮಾಳವೀಯರ ಬನಾರಸ್ ಹಿಂದೂ ವಿಶ್ವವಿದ್ಯಾಲಯವನ್ನು. ಇಂದಿಗೂ ಅಲ್ಲಿನ ಸಮಾರಂಭಗಳಲ್ಲಿ ಹಾಡುವ ಕುಲಗೀತೆಯನ್ನು ಬರೆದವರು ಈ ರಸಾಯನಶಾಸ್ತ್ರಜ್ಞರೇ. ಕ್ರೈಸ್ತ ಕಾಲೇಜಿನಲ್ಲಿ ಓದಿದವರೊಬ್ಬರು ಹಿಂದೂ ವಿಶ್ವವಿದ್ಯಾಲಯಕ್ಕೆ ಹಾಡು ಬರೆದುಕೊಟ್ಟರು. ಇದರಲ್ಲಿ ಯಾರಿಗೂ ಏನೂ ವಿಚಿತ್ರವೆನಿಸಲಿಲ್ಲ. ಅವರು ಉರ್ದುವಿನಲ್ಲಿಯೂ ಕವಿತೆ ಕಟ್ಟುತ್ತಿದ್ದರು. ಅಗಲಿದ ಪತ್ನಿ ಲಾಜವಂತಿಯ ಹೆಸರಿನಲ್ಲಿ ಅವರ ಕವನ ಸಂಗ್ರಹವೊಂದಿದೆ.

1924ರಲ್ಲಿ ಅವರು ಲಾಹೋರಿಗೆ ಮರಳಿ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ರಾವಲ್ಪಿಂಡಿಯ ಕಡೆ ಎಣ್ಣೆಬಾವಿ ಕೊರೆಯುತ್ತಿದ್ದ ಕಂಪನಿಗೆ ಆಗ ಒಂದು ತೊಡಕು ಎದುರಾಗಿತ್ತು. ಕೊರೆಯಲು ಬಳಸುವ ಕೆಸರು ನೆಲದೊಳಗಿನ ಉಪ್ಪುನೀರು ತಾಗಿದೊಡನೆ ಗಟ್ಟಿಯಾಗಿ, ಕೆಲಸವೇ ನಿಂತುಹೋಗುತ್ತಿತ್ತು. ಕೆಸರಿಗೆ ನಮ್ಮ ದೇಶದ್ದೇ ಆದ ಒಂದು ಬಗೆಯ ಅಂಟನ್ನು ಬೆರೆಸಿದರೆ ಅದು ಉಪ್ಪಿಗೆ ಹೆಪ್ಪುಗಟ್ಟದೆ ತೆಳುವಾಗಿಯೇ ಉಳಿಯುತ್ತದೆಂದು ಭಟ್ನಾಗರ್ ತೋರಿಸಿಕೊಟ್ಟರು. ಕಂಪನಿ ಸಂತೋಷಪಟ್ಟು ಸಂಶೋಧನೆಗೆಂದು ಒಂದೂವರೆ ಲಕ್ಷ ರೂಪಾಯಿ ಕೊಡಮುಂದಾಯಿತು. ಆ ಕಾಲಕ್ಕೆ ಅದು ಬಲು ದೊಡ್ಡ ಮೊತ್ತ. ಅವರು ಅದನ್ನು ವಿಶ್ವವಿದ್ಯಾಲಯದ ಮೂಲಕವೇ ಕೊಡುವಂತೆ ಮಾಡಿ, ಪೆಟ್ರೋಲಿಯಂ ಸಂಶೋಧನೆಗೆ ವಿನಿಯೋಗಿಸಿದರು.

1942ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು, ಅಂದರೆ ಸಿ.ಎಸ್.ಐ.ಆರ್., ಸ್ಥಾಪನೆಯಾದಾಗ ಅದರ ಚುಕ್ಕಾಣಿ ಹಿಡಿದವರು ಅವರೇ. 1955ರ ಜನವರಿ 1ರಂದು ತೀರಿಕೊಳ್ಳುವಷ್ಟರಲ್ಲಿ ಹನ್ನೆರಡು ರಾಷ್ಟ್ರೀಯ ಪ್ರಯೋಗಾಲಯಗಳ ಸ್ಥಾಪನೆಗೆ ಕಾರಣರಾಗಿದ್ದರು. ಅವುಗಳಲ್ಲಿ ಒಂದನ್ನು ನೀವು ನೋಡಿಯೇ ಇರುತ್ತೀರಿ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆ ಸಾಲಿಗೆ ಸೇರಿದ್ದು. ಲಾಹೋರಿನ ಮಿಷನ್ ಕಾಲೇಜಿನಲ್ಲಿ ಪರೀಕ್ಷಾನಳಿಕೆ ಹಿಡಿಯಲು ಕಲಿತ ಕೈಗಳ ಕೆಲಸ ಹೀಗೆ ನಮ್ಮ ಮೈಸೂರಿನವರೆಗೂ ಬಂದು ಮುಟ್ಟಿತು.

ಲೇಖನಿ ಹಿಡಿದ ಮೂವರು

ಭಟ್ನಾಗರ್ ಅವರ ತಲೆಮಾರಿನ ನಂತರ, 1930ರ ದಶಕದಲ್ಲಿ ಈ ಕಾಲೇಜಿನಲ್ಲಿ ಓದಿದವರಲ್ಲಿ ಲೇಖಕರು ಎದ್ದು ಕಾಣುತ್ತಾರೆ. ಕೃಷ್ಣ ಚಂದರ್ ಅವರ ಹೆಸರನ್ನು ಕನ್ನಡದ ಓದುಗರೂ ಬಲ್ಲರು. ಕಾಶ್ಮೀರದ ಪೂಂಛ್‌ನಲ್ಲಿ ಬಾಲ್ಯ ಕಳೆದ ಅವರು ಫಾರ್ಮನ್ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಕಾನೂನನ್ನೂ ಓದಿದರು. ಆದರೆ ವಕೀಲರಾಗಲಿಲ್ಲ. ಆಕಾಶವಾಣಿಗೆ ಸೇರಿದರು, ಆಮೇಲೆ ಸಿನಿಮಾಕ್ಕೆ ಬರೆದರು, ಬದುಕಿನುದ್ದಕ್ಕೂ ಕಥೆ ಬರೆಯುತ್ತಲೇ ಹೋದರು. ಓದಿದ್ದು ಇಂಗ್ಲಿಷ್; ಹೆಸರು ಗಳಿಸಿದ್ದು ಉರ್ದುವಿನಲ್ಲಿ. 1943ರ ಬಂಗಾಳದ ಬರಗಾಲವನ್ನು ಕುರಿತ ‘ಅನ್ನದಾತಾ’ ಅವರಿಗೆ ದೇಶವ್ಯಾಪಿ ಹೆಸರು ತಂದಿತು. ‘ಜಾಮೂನ್ ಕಾ ಪೇಡ್’ ಎಂಬ ಕಥೆಯಲ್ಲಿ ಸಚಿವಾಲಯದ ಅಂಗಳದ ನೇರಳೆ ಮರ ಬಿದ್ದು ಮನುಷ್ಯನೊಬ್ಬ ಅದರಡಿ ಸಿಕ್ಕಿಕೊಳ್ಳುತ್ತಾನೆ. ಮರವನ್ನು ಎತ್ತುವ ಅಧಿಕಾರ ಯಾವ ಇಲಾಖೆಯದೆಂದು ಕಡತ ಮೇಜಿನಿಂದ ಮೇಜಿಗೆ ಸುತ್ತಿ, ಅಪ್ಪಣೆ ಬರುವ ಹೊತ್ತಿಗೆ ಅವನ ಉಸಿರೇ ನಿಂತಿರುತ್ತದೆ. ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ ಯಾರಿಗೂ ಆ ಕಥೆಯ ಅರ್ಥ ವಿವರಿಸಬೇಕಾಗಿಲ್ಲ.

ಎರಡನೆಯವರು ಕರ್ತಾರ್ ಸಿಂಗ್ ದುಗ್ಗಲ್. ಅವರೂ ಇಲ್ಲಿಯೇ ಇಂಗ್ಲಿಷ್ ಎಂ.ಎ. ಮಾಡಿ, 1942ರಿಂದ 1966ರವರೆಗೆ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ನಂತರ ಏಳು ವರ್ಷ ನ್ಯಾಷನಲ್ ಬುಕ್ ಟ್ರಸ್ಟಿನ ನಿರ್ದೇಶಕರಾಗಿದ್ದರು. ಭಾರತದ ಬೇರೆ ಭಾಷೆಗಳ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕನ್ನಡದಲ್ಲಿ ಓದಿದವರಿಗೆ ಆ ಟ್ರಸ್ಟು ಪರಿಚಿತವೇ. ಪಂಜಾಬಿ ಕಥೆಗಾರರಾಗಿ ಅವರಿಗೆ 1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1997ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಮೂರನೆಯವರು ನಾಟಕಕಾರ ಬಲವಂತ ಗಾರ್ಗಿ. ಇಂಗ್ಲಿಷ್ ಮತ್ತು ರಾಜ್ಯಶಾಸ್ತ್ರ - ಎರಡು ಎಂ.ಎ.ಗಳನ್ನು ಪಡೆದವರು. ಎರಡೂ ಪದವಿಗಳನ್ನು ಬದಿಗಿಟ್ಟು, ಕಾಂಗ್ರಾ ಕಣಿವೆಯಲ್ಲಿ ನೆಲೆಸಿದ್ದ ನೋರಾ ರಿಚರ್ಡ್ಸ್ ಎಂಬ ಐರಿಷ್ ರಂಗಕರ್ಮಿಯ ಬಳಿ ರಂಗಕಲೆ ಕಲಿಯಲು ಹೋದರು. 1944ರ ‘ಲೋಹಾ ಕುಟ್ಟ್’ ನಾಟಕದಲ್ಲಿ ಹಳ್ಳಿಯ ಕಮ್ಮಾರನ ಮನೆಯೊಳಗಿನ ಬೇಗೆಯನ್ನು ರಂಗಕ್ಕೆ ತಂದರು. ಮುಂದೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ರಂಗಭೂಮಿ ವಿಭಾಗವನ್ನು ಕಟ್ಟಿದರು. ದೂರದರ್ಶನದ ಹಳೆಯ ವೀಕ್ಷಕರಲ್ಲಿ ಕೆಲವರಿಗಾದರೂ ಅವರ ‘ಸಾಂಝಾ ಚೂಲ್ಹಾ’ ಧಾರಾವಾಹಿ ನೆನಪಿರಬಹುದು.

ಈ ಮೂವರೂ ಇಂಗ್ಲಿಷ್ ಸಾಹಿತ್ಯವನ್ನು ಮನಸ್ಸಿಟ್ಟು ಓದಿದವರು. ಮೂವರೂ ಸೃಷ್ಟಿಗೆ ಮುಖ್ಯವಾಗಿ ಆರಿಸಿಕೊಂಡದ್ದು ದೇಶಭಾಷೆಗಳನ್ನು. ಇಂಗ್ಲಿಷ್ ಓದಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಕನ್ನಡವನ್ನು ಬೆಳಗಿದ ಬಿ.ಎಂ. ಶ್ರೀಕಂಠಯ್ಯನವರ ಪರಂಪರೆ ಬಲ್ಲ ನಮಗೆ ಈ ದಾರಿ ಅಪರಿಚಿತವಲ್ಲ.

1947ರ ಗೆರೆ

ಲೇಖಕರಿಂದ ರಾಜಕಾರಣಿಗಳ ಕಡೆಗೆ ಹೋಗುವ ಮೊದಲು ನಡುವೆ ನಡೆದ ದುರಂತವನ್ನು ನೋಡಲೇಬೇಕು. 1940ರಲ್ಲಿ ಕಾಲೇಜು ಊರ ನಡುವಿನ ಹಳೆಯ ಜಾಗವನ್ನು ಬಿಟ್ಟು, ಕಾಲುವೆಯ ದಂಡೆಯ ಮೇಲಿನ ವಿಶಾಲವಾದ ಹೊಸ ಆವರಣಕ್ಕೆ ಬಂದಿತ್ತು. ಏಳೇ ವರ್ಷಗಳಲ್ಲಿ ದೇಶ ಒಡೆಯಿತು. ಹಿಂದೂ ಮತ್ತು ಸಿಖ್ ವಿದ್ಯಾರ್ಥಿಗಳೂ ಅಧ್ಯಾಪಕರೂ ಗಡಿ ದಾಟಿ ಪೂರ್ವಕ್ಕೆ ಹೊರಟುಹೋದರು. ಪೂರ್ವದಿಂದ ಗಾಯಗೊಂಡ, ಕಾಯಿಲೆಬಿದ್ದ ಮುಸ್ಲಿಂ ನಿರಾಶ್ರಿತರು ಲಾಹೋರಿಗೆ ಬಂದು ತುಂಬಿದರು. ಹುಡುಗರಿಲ್ಲದೆ ಬರಿದಾದ ಹಾಸ್ಟೆಲುಗಳಲ್ಲಿ ನಿರಾಶ್ರಿತರಿಗಾಗಿ ಆಸ್ಪತ್ರೆ ತೆರೆಯಿತು. ಲಾಹೋರಿನ ಯುನೈಟೆಡ್ ಕ್ರಿಶ್ಚಿಯನ್ ಆಸ್ಪತ್ರೆಯ ಮೂಲ ಅಲ್ಲಿದೆ.

ಈ ಗೆರೆಯ ಪರಿಣಾಮವೇನೆಂದು ಯೋಚಿಸಿ. ನಮ್ಮ ಊರಿನ ಕಾಲೇಜಿನಲ್ಲಿ ಓದಿದವರು ಎಷ್ಟೇ ದೂರ ಹೋದರೂ ಒಮ್ಮೆ ಬಂದು ತಮ್ಮ ಹಳೆಯ ತರಗತಿಯ ಬಾಗಿಲಲ್ಲಿ ನಿಂತು ಹೋಗಬಹುದು. ಗಡಿ ದಾಟಿದವರಿಗೆ ಪಾಸ್‌ಪೋರ್ಟು, ವೀಸಾ, ಎರಡು ಸರ್ಕಾರಗಳ ಒಪ್ಪಿಗೆ ಇಲ್ಲದೆ ಅದು ಸಾಧ್ಯವಿರಲಿಲ್ಲ. ಕೃಷ್ಣ ಚಂದರ್ ಮುಂಬಯಿಯಲ್ಲಿ, ದುಗ್ಗಲ್ ದೆಹಲಿಯಲ್ಲಿ, ಗಾರ್ಗಿ ಚಂಡೀಗಢದಲ್ಲಿ ನೆಲೆ ಕಂಡುಕೊಂಡರು. ಅವರ ಕಾಲೇಜು ಮಾತ್ರ ಪರದೇಶದಲ್ಲಿ ಉಳಿಯಿತು.

ಅಧಿಕಾರದ ಪೀಠಕ್ಕೆ ಏರಿದವರು

ಇಂದರ್ ಕುಮಾರ್ ಗುಜ್ರಾಲ್ ಹುಟ್ಟಿದ್ದು 1919ರ ಡಿಸೆಂಬರ್ 4ರಂದು, ಈಗ ಪಾಕಿಸ್ತಾನದಲ್ಲಿರುವ ಝೇಲಂನಲ್ಲಿ. ಡಿ.ಎ.ವಿ. ಕಾಲೇಜು, ಹೇಲಿ ವಾಣಿಜ್ಯ ಕಾಲೇಜು, ಫಾರ್ಮನ್ ಕಾಲೇಜು - ಮೂರರಲ್ಲೂ ಓದಿದವರು. ಲಾಹೋರಿನ ವಿದ್ಯಾರ್ಥಿ ಚಳವಳಿಯಲ್ಲಿ ಮುಂದಾಳಾಗಿದ್ದು, 1942ರ ಕ್ವಿಟ್ ಇಂಡಿಯಾ ಹೋರಾಟದಲ್ಲಿ ಜೈಲು ಕಂಡರು. ದೇಶ ವಿಭಜನೆಯ ನಂತರ ದೆಹಲಿಯಲ್ಲಿ ನೆಲೆಸಿದರು.

ರೇಡಿಯೋ, ಟೆಲಿವಿಷನ್ ಪ್ರಿಯರಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೂ ಮುಖ್ಯ. 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದವರು ಗುಜ್ರಾಲ್. ಕೆಲವೇ ದಿನಗಳಲ್ಲಿ ಆ ಖಾತೆ ಅವರ ಕೈತಪ್ಪಿ ವಿ.ಸಿ. ಶುಕ್ಲಾ ಅವರ ಪಾಲಾಯಿತು. ಇಪ್ಪತ್ತೆರಡು ವರ್ಷಗಳ ನಂತರ, 1997ರ ನವೆಂಬರ್ 23ರಂದು, ಆಕಾಶವಾಣಿ ಮತ್ತು ದೂರದರ್ಶನಗಳಿಗಾಗಿ ಪ್ರಸಾರ ಭಾರತಿ ನಿಗಮ ಅಸ್ತಿತ್ವಕ್ಕೆ ಬಂದಾಗ ಪ್ರಧಾನಿಯಾಗಿದ್ದವರೂ ಅವರೇ.

ದೇವೇಗೌಡರ ಸಂಪುಟದಲ್ಲಿ ವಿದೇಶಾಂಗ ಸಚಿವರಾಗಿದ್ದಾಗ ಗುಜ್ರಾಲ್ ಮುಂದಿಟ್ಟ ನೀತಿಗೆ ಅವರ ಹೆಸರೇ ಅಂಟಿಕೊಂಡಿದೆ. ಬಾಂಗ್ಲಾದೇಶ, ಭೂತಾನ, ಮಾಲ್ದೀವ್ಸ್, ನೇಪಾಳ, ಶ್ರೀಲಂಕಾಗಳಂಥ ನೆರೆಯವರಿಗೆ ದೊಡ್ಡ ದೇಶವಾದ ಭಾರತ ಪ್ರತಿಫಲ ಕೇಳದೆ ಕೈಲಾದುದನ್ನು ಮಾಡಬೇಕು ಎಂಬುದು ಅದರ ತಿರುಳು. ಬಾಂಗ್ಲಾದೇಶದೊಂದಿಗೆ ಗಂಗಾ ನೀರಿನ ಹಂಚಿಕೆಯ ಒಪ್ಪಂದಕ್ಕೆ 1996ರ ಡಿಸೆಂಬರಿನಲ್ಲಿ ಸಹಿ ಬಿದ್ದದ್ದು ಆ ಕಾಲದಲ್ಲಿಯೇ. ಆ ಐದು ದೇಶಗಳ ಸಾಲಿನಲ್ಲಿ ಪಾಕಿಸ್ತಾನ ಇಲ್ಲ ಎಂಬುದನ್ನು ಗಮನಿಸಬೇಕು. ಅದರೊಡನೆ ಏನಿದ್ದರೂ ಮಾತುಕತೆಯ ಮೇಜಿನಲ್ಲಿ. 1997ರ ಜೂನ್‌ನಲ್ಲಿ ಎರಡೂ ದೇಶಗಳ ವಿದೇಶಾಂಗ ಕಾರ್ಯದರ್ಶಿಗಳು ಚರ್ಚಿಸಬೇಕಾದ ಎಂಟು ವಿಷಯಗಳನ್ನು ಗುರುತಿಸಿದರು.

ಆಗ ಆಚೆಯ ಪೀಠದಲ್ಲಿದ್ದ ಫಾರೂಕ್ ಲೆಘಾರಿ ಡೇರಾ ಘಾಜಿ ಖಾನ್ ಕಡೆಯ ಬಲೂಚ್ ಮುಖಂಡರ ಮನೆತನದವರು. ಫಾರ್ಮನ್ ಕಾಲೇಜಿನ ಬಳಿಕ ಆಕ್ಸ್‌ಫರ್ಡಿನಲ್ಲಿ ಓದಿ, ಸರ್ಕಾರಿ ಅಧಿಕಾರಿಯಾಗಿದ್ದು, ಮುಂದೆ ಬೆನಜೀರ್ ಭುಟ್ಟೋ ಅವರ ಪಕ್ಷದಿಂದ 1993ರಲ್ಲಿ ರಾಷ್ಟ್ರಾಧ್ಯಕ್ಷರಾದರು. 1996ರ ನವೆಂಬರಿನಲ್ಲಿ ಅದೇ ಬೆನಜೀರ್ ಸರ್ಕಾರವನ್ನು ವಜಾ ಮಾಡಿದವರೂ ಅವರೇ.

ಮತ್ತೊಬ್ಬರು ಪರ್ವೇಜ್ ಮುಷರಫ್. ಗುಜ್ರಾಲರ ಕಥೆಯನ್ನು ತಿರುಗಿಸಿ ಬರೆದಂತಿದೆ ಅವರ ಬದುಕು. ಭಾರತದ ಪ್ರಧಾನಿ ಹುಟ್ಟಿದ್ದು ಝೇಲಂನಲ್ಲಿ. ಪಾಕಿಸ್ತಾನದ ಸೇನಾಧಿಪತಿ ಹುಟ್ಟಿದ್ದು ದೆಹಲಿಯಲ್ಲಿ, 1943ರಲ್ಲಿ. ದೇಶ ವಿಭಜನೆ ಇಬ್ಬರನ್ನೂ ಅದಲುಬದಲು ಮಾಡಿತು. ಮುಷರಫ್ ಕರಾಚಿಯ ಶಾಲೆಯ ನಂತರ ಫಾರ್ಮನ್ ಕಾಲೇಜಿನಲ್ಲಿ ಓದಿ, 1961ರಲ್ಲಿ ಸೇನಾ ಅಕಾಡೆಮಿ ಸೇರಿದರು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಪಾಕಿಸ್ತಾನದ ಸೇನಾ ಮುಖ್ಯಸ್ಥರು ಅವರೇ. ಅದೇ ವರ್ಷ ಅಕ್ಟೋಬರ್ 12ರಂದು ಚುನಾಯಿತ ಸರ್ಕಾರವನ್ನು ಉರುಳಿಸಿದರು. 2001ರ ಜುಲೈನಲ್ಲಿ ಆಗ್ರಾಕ್ಕೆ ಮಾತುಕತೆಗೆ ಬಂದವರೂ ಅವರೇ. 2008ರಲ್ಲಿ ಅಧಿಕಾರ ಬಿಟ್ಟರು. 2023ರಲ್ಲಿ ದುಬೈಯಲ್ಲಿ ತೀರಿಕೊಂಡರು.

ಒಂದೇ ಕಾಲೇಜಿನಲ್ಲಿ ಓದಿದವರೆಂದ ಮಾತ್ರಕ್ಕೆ ಸ್ನೇಹ ಹುಟ್ಟೀತು, ಯುದ್ಧ ತಪ್ಪೀತು ಎಂದು ನಾವು ಆಶಿಸಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ. ನೆರೆಯವರಿಗೆ ಪ್ರತಿಫಲವಿಲ್ಲದೆ ಕೊಡಬೇಕೆಂದವರೂ, ಕಾರ್ಗಿಲ್ ಯುದ್ಧದ ಹೊಣೆ ಹೊರಬೇಕಾದವರೂ ಅದೇ ಧ್ಯೇಯವಾಕ್ಯದ ಕೆಳಗೆ ಓಡಾಡಿದವರು. ಪರಸ್ಪರ ಸೇವೆಯ ಮಾತನ್ನು ಬಾಗಿಲ ಮೇಲೆ ಬರೆಯುವುದು ಕಾಲೇಜಿನ ಕೆಲಸ. ಅದನ್ನು ಓದಿ ಮನಸ್ಸಿಗೆ ತೆಗೆದುಕೊಳ್ಳುವುದು, ಬಿಡುವುದು ಒಳಗೆ ಹೋದವರಿಗೆ ಸೇರಿದ್ದು.

ಕೈತಪ್ಪಿ ಮರಳಿದ ಕಾಲೇಜು

ಸಂಸ್ಥೆಯ ಬದುಕಿನಲ್ಲಿಯೂ ಏರಿಳಿತಗಳಾದವು. 1972ರಲ್ಲಿ ಜುಲ್ಫಿಕರ್ ಅಲಿ ಭುಟ್ಟೋ ಸರ್ಕಾರ ಖಾಸಗಿ ಕಾಲೇಜುಗಳನ್ನು ರಾಷ್ಟ್ರೀಕರಿಸಿದಾಗ ಫಾರ್ಮನ್ ಕಾಲೇಜೂ ಸರ್ಕಾರದ ವಶವಾಯಿತು. ಮೂರು ದಶಕಗಳ ನಂತರ, 2003ರ ಮಾರ್ಚ್ 19ರಂದು, ಅದು ಮತ್ತೆ ಚರ್ಚಿನ ಆಡಳಿತಕ್ಕೆ ಮರಳಿತು. ಆಗ ದೇಶದ ಅಧ್ಯಕ್ಷರಾಗಿದ್ದವರು ಅದರ ಹಳೆಯ ವಿದ್ಯಾರ್ಥಿ ಮುಷರಫ್. ಮರುವರ್ಷವೇ ವಿಶ್ವವಿದ್ಯಾಲಯದ ಸನ್ನದು ದೊರೆಯಿತು. ಇಂದು ಅಲ್ಲಿ ಹುಡುಗಿಯರೂ ಹುಡುಗರೂ ಒಟ್ಟಿಗೆ ಓದುತ್ತಾರೆ. ಬಹುಪಾಲು ವಿದ್ಯಾರ್ಥಿಗಳು ಮುಸ್ಲಿಮರು.

ಪಟ್ಟಿಯನ್ನು ಓದುವುದು ಹೇಗೆ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಭಟ್ನಾಗರ್, ಕೃಷ್ಣ ಚಂದರ್, ಗುಜ್ರಾಲ್ ಇವರನ್ನು ರೂಪಿಸಿದ್ದು ಫಾರ್ಮನ್ ಕಾಲೇಜು ಎನ್ನಬಹುದೇ? ಪೂರ್ತಿ ಹೌದೆನ್ನಲಾಗದು. ಭಟ್ನಾಗರ್ ಅವರಲ್ಲಿ ದಯಾಳ್ ಸಿಂಗ್ ಕಾಲೇಜಿಗೂ ಪಾಲಿದೆ, ಲಂಡನ್ನಿಗೂ ಪಾಲಿದೆ. ಗುಜ್ರಾಲರನ್ನು ಡಿ.ಎ.ವಿ. ಕಾಲೇಜೂ ತನ್ನವರೆನ್ನುತ್ತದೆ, ಹೇಲಿ ಕಾಲೇಜೂ ಎನ್ನುತ್ತದೆ. ಗಾರ್ಗಿಯವರಿಗೆ ರಂಗಭೂಮಿಯ ಹುಚ್ಚು ಹಿಡಿಸಿದ್ದು ಕಾಂಗ್ರಾ ಕಣಿವೆ. ಒಬ್ಬ ದೊಡ್ಡ ಮನುಷ್ಯನಿಗೆ ನಾಲ್ಕು ಸಂಸ್ಥೆಗಳು ಹಕ್ಕುದಾರರಾಗುವುದು ಎಲ್ಲ ಊರಿನಲ್ಲೂ ಉಂಟು.

ಹಾಗಾದರೆ ಕಾಲೇಜು ಕೊಟ್ಟದ್ದು ಏನೂ ಇಲ್ಲವೇ? ಇದೆ. ಬಡ ಹುಡುಗನಿಗೆ ಓದುತ್ತಲೇ ದುಡಿಯುವ ಅವಕಾಶ ಕೊಟ್ಟಿತು. ಬೇರೆ ಬೇ­ರೆ ಧರ್ಮದ, ಬೇರೆ ಬೇರೆ ಜಿಲ್ಲೆಗಳ ಹುಡುಗರನ್ನು ಒಂದೇ ಬೆಂಚಿನ ಮೇಲೆ ಕೂರಿಸಿತು. ಇಂಗ್ಲಿಷ್ ಸಾಹಿತ್ಯದ ಬಾಗಿಲು ತೆರೆದು, ಆಮೇಲೆ ಅವರು ಉರ್ದುವಿನಲ್ಲಿ ಬರೆದರೂ ಪಂಜಾಬಿಯಲ್ಲಿ ಬರೆದರೂ ಅದು ಅವರಿಗೆ ಬಿಟ್ಟ ವಿಷಯವೆಂಬಂತೆ ನಡೆದುಕೊಂಡಿತು. ಪದವಿಯ ವಿಷಯಕ್ಕೂ ಮುಂದಿನ ವೃತ್ತಿಗೂ ಗಂಟು ಹಾಕಲೇಬೇಕೆಂಬ ಹಟ ಅಲ್ಲಿ ಓದಿದವರಲ್ಲಿ ಕಾಣುವುದಿಲ್ಲ. ಕಾನೂನು ಓದಿದವರು ಕಥೆಗಾರರಾದರು, ರಾಜ್ಯಶಾಸ್ತ್ರ ಓದಿದವರು ನಾಟಕಕಾರರಾದರು, ವಾಣಿಜ್ಯ ಕಾಲೇಜಿನಲ್ಲಿಯೂ ಓದಿದವರು ವಿದೇಶಾಂಗ ನೀತಿ ರೂಪಿಸಿದರು.

ಪಟ್ಟಿಯಲ್ಲಿ ಇಲ್ಲದವರನ್ನೂ ಮರೆಯಬಾರದು. ನಾವು ಹೇಳಿದ ಏಳು ಹೆಸರುಗಳಲ್ಲಿ ಒಬ್ಬ ಮಹಿಳೆಯೂ ಇಲ್ಲ. ಲಾಹೋರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಕಿನ್ನೇರ್ಡ್ ಕಾಲೇಜು 1913ರಲ್ಲಿ ಬೇರೆಯಾಗಿ ತೆರೆದಿತ್ತು. ಆ ಕಾಲದಲ್ಲಿ ಓದಲು ಅವಕಾಶ ಸಿಕ್ಕ ಹುಡುಗಿಯರೇ ಬೆರಳೆಣಿಕೆಯವರು. ಇನ್ನು ಇಲ್ಲಿ ಓದಿ ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸಿದವರು, ಜಿಲ್ಲಾ ಕಚೇರಿಯಲ್ಲಿ ಪ್ರಾಮಾಣಿಕವಾಗಿ ಕಡತ ನೋಡಿದವರು, ಗಡಿ ದಾಟಿ ಬಂದು ನಿರಾಶ್ರಿತರ ಕಾಲೋನಿಯಲ್ಲಿ ಮನೆಪಾಠ ಹೇಳಿ ಸಂಸಾರ ಸಾಕಿದವರು - ಅಂಥವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಅಚ್ಚಾಗುವುದಿಲ್ಲ. ಕಾಲೇಜಿನ ಗುಣ ತಿಳಿಯಬೇಕಾದರೆ ಅವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಓದುಗ ಮಿತ್ರರೇ, ಯಾವುದೇ ಕಾಲೇಜಿನ ಪರಿಚಯ ಪುಸ್ತಕದ ಮೊದಲ ಪುಟದಲ್ಲಿ ಗಣ್ಯರ ಭಾವಚಿತ್ರಗಳನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳಿನೋಡಿ. ಇವರು ಇಲ್ಲಿ ಎಷ್ಟು ವರ್ಷ ಓದಿದರು, ಬೇರೆಲ್ಲಿ ಓದಿದರು? ಇವರ ಕಾಲದಲ್ಲಿದ್ದ ಪುಸ್ತಕ ಭಂಡಾರ, ಪ್ರಯೋಗಾಲಯ, ಅಧ್ಯಾಪಕ ವರ್ಗ ಈಗಲೂ ಹಾಗೆಯೇ ಇದೆಯೇ? ಕೈಯಲ್ಲಿ ಕಾಸಿಲ್ಲದ ಜಾಣ ಹುಡುಗನಿಗೆ ಅಥವಾ ಹುಡುಗಿಗೆ ಇಲ್ಲಿ ಇಂದು ಏನು ನೆರವು ಸಿಗುತ್ತದೆ? ಈ ಮೂರಕ್ಕೂ ನೇರ ಉತ್ತರ ಕೊಡುವ ಕಾಲೇಜು ನಿಮ್ಮ ಊರಿನಲ್ಲಿಯೇ ಇದ್ದರೆ, ಗೋಡೆಯ ಮೇಲೆ ಒಂದು ಭಾವಚಿತ್ರವೂ ಇಲ್ಲದಿದ್ದರೂ ಚಿಂತೆಯಿಲ್ಲ, ಮಕ್ಕಳನ್ನು ಧೈರ್ಯವಾಗಿ ಅಲ್ಲಿಗೆ ಕಳುಹಿಸಿ. ಅವರು ಅಲ್ಲಿ ರಸಾಯನಶಾಸ್ತ್ರ ಓದುತ್ತಲೇ ಕವಿತೆ ಬರೆಯಲು ಕುಳಿತರೆ ಗದರಬೇಡಿ.